ಕಿತ್ತೂರಿನ ಮೂರನೆಯ ಪೆಟ್ಟಿಗೆ

ಲಿನಕ್ಸ್ ಎಂದರೆ ಏನೆಂದು ನನಗೆ ಇವತ್ತಿಗೂ ಸರಿಯಾಗಿ ಗೊತ್ತಿಲ್ಲ. ಆದರೆ ಅದು ಪರದೆಯ ಮೇಲೆ ಬರೆಯುತ್ತ ಹೋಗುವ ಇಂಗ್ಲಿಷ್ ಸಾಲುಗಳನ್ನು ವರ್ಷಗಟ್ಟಲೆ ಗಟ್ಟಿಯಾಗಿ ಓದಿದ್ದೇನೆ. ಬೈಲಹೊಂಗಲದ ನಮ್ಮ ಮನೆಯ ಊಟದ ಮೇಜು. ಈ ಬದಿಗೆ ಪಕ್ಕದ ಮನೆಯ ಅಣ್ಣಾರ ಲ್ಯಾಪ್‌ಟಾಪಿನ ಮುಂದೆ ನಾನು, ಆ ಬದಿಗೆ ಕಣ್ಣು ಮುಚ್ಚಿ ಬಲಗಿವಿಯನ್ನು ನನ್ನ ಕಡೆ ತಿರುಗಿಸಿ ಕುಳಿತ ಅವರು, ನಡುವೆ ಮೆಂತೆಪಲ್ಯ ಸೋಸುತ್ತಿದ್ದ ಅವರ ಹೆಂಡತಿ. ಮಧ್ಯಾಹ್ನದ ಹೊತ್ತು. ನಮ್ಮವರು ಗೊಬ್ಬರದ ಅಂಗಡಿಗೆ, ಮಕ್ಕಳು ಶಾಲೆಗೆ ಹೋಗಿರುತ್ತಿದ್ದರು. ಓದುವ ನನಗೆ ಏನೂ ತಿಳಿಯುತ್ತಿರಲಿಲ್ಲ. ಕೇಳುವ ಅವರಿಗೆ ಏನೂ ಕಾಣುತ್ತಿರಲಿಲ್ಲ.

ಹೋದ ತಿಂಗಳು ರಾಮದುರ್ಗದಲ್ಲಿ, ತಮ್ಮ ತಂಗಿಯ ಮನೆಯಲ್ಲಿ, ಅವರು ತೀರಿಕೊಂಡರು. ಸುದ್ದಿ ನಮಗೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಫೋನಿನಲ್ಲಿ ವೈನಿ ಅಳಲಿಲ್ಲ. ಅವರ ಹೆಂಡತಿಯನ್ನು ನಾನು ವೈನಿ ಎಂದೇ ಕರೆಯುತ್ತಿದ್ದೆ. "ಕಣ್ಣಿಗೆ ಹಾಕೂ ಔಷಧ ಇನ್ನೂ ಅರ್ಧಾ ಬಾಟ್ಲಿ ಉಳದೈತವಾ, ಏನ್ ಮಾಡ್ಲಿ?" ಎಂದು ಕೇಳಿದರು.

ಅವರು ನಮ್ಮ ಗೋಡೆಯ ಆಚೆಯ ಮನೆಯವರು. ಆಸ್ಪತ್ರೆಯವರಿಗೆ ಸಾಹೇಬರು, ನನಗೆ ಅಣ್ಣಾರು. ತಂದೆ ದೊಡವಾಡದಿಂದ ಧಾರವಾಡಕ್ಕೆ ಬಸ್ಸು ಓಡಿಸುತ್ತಿದ್ದರಂತೆ. ಮಗ ಕಂಪ್ಯೂಟರ್ ಹಿಡಿದ. ಯಾವ ಕಾಲೇಜಿನಲ್ಲಿ ಕಲಿತಿರಿ ಎಂದು ಕೇಳಿದರೆ, "ಕಾಲೇಜಿನ್ಯಾಗ ಕಲತದ್ದು ಕಾಲೇಜಿನ್ಯಾಗ ಉಳೀತು. ಇದು ಬಿದ್ದು ಎದ್ದು ಕಲತದ್ದು" ಎನ್ನುತ್ತಿದ್ದರು. ಸಲೀಸಾದ ಮನುಷ್ಯ ಅಲ್ಲ. ಚಹಾ ಬೇಡ ಎನ್ನುತ್ತಿದ್ದರು, ಕೊಡದಿದ್ದರೆ, "ಈ ಮನ್ಯಾಗ ಚಾ ಬಂದ್ ಆಗೇತೇನು?" ಎಂದು ವೈನಿಯನ್ನು ಕೇಳುತ್ತಿದ್ದರು, ನನಗೆ ಕೇಳಿಸುವಂತೆ. ಯಾರಾದರೂ ತಪ್ಪು ಮಾತಾಡಿದರೆ ಪೂರ್ತಿ ಕೇಳುವ ತಾಳ್ಮೆ ಇರಲಿಲ್ಲ.

ಅವರು ಕೆಲಸ ಮಾಡುತ್ತಿದ್ದುದು ಒಂದು ಟ್ರಸ್ಟಿನ ಆಸ್ಪತ್ರೆಯಲ್ಲಿ. ದೊಡ್ಡ ಆಸ್ಪತ್ರೆ ಬೈಲಹೊಂಗಲದಲ್ಲಿ. ಕಿತ್ತೂರು, ಸವದತ್ತಿ, ರಾಮದುರ್ಗಗಳಲ್ಲಿ ಅದರ ಸಣ್ಣ ದವಾಖಾನೆಗಳು. ರೋಗಿಯ ನಂಬರು, ರಕ್ತದ ವರದಿ, ಕೊಟ್ಟ ಗುಳಿಗೆ ಎಲ್ಲ ಕಂಪ್ಯೂಟರಿನಲ್ಲಿ. ಅದು ನಿಂತರೆ ನಾಲ್ಕು ಊರಿನ ಕೆಲಸವೂ ನಿಲ್ಲುತ್ತದೆ. ಹಾಗೆ ನಿಲ್ಲಬಾರದೆಂದು ಅವರು ಎರಡು ದೊಡ್ಡ ಯಂತ್ರ ಕೂಡಿಸಿದ್ದರು. ಒಂದು ಇಲ್ಲಿ ಆಸ್ಪತ್ರೆಯ ಮೆಟ್ಟಿಲ ಕೆಳಗಿನ ಕೋಣೆಯಲ್ಲಿ, ಒಂದು ರಾಮದುರ್ಗದಲ್ಲಿ. ಇಲ್ಲಿ ಬರೆದದ್ದು ಅದೇ ಕ್ಷಣ ಅಲ್ಲಿಯೂ ಬರೆಯಲ್ಪಡುತ್ತಿತ್ತು. ಒಂದು ಬಿದ್ದರೆ ಇನ್ನೊಂದು ತಾನಾಗಿ ಕೆಲಸ ಹಿಡಿಯಬೇಕು, ಕೌಂಟರಿನಲ್ಲಿ ಕುಳಿತ ಹುಡುಗಿಗೆ ಗೊತ್ತೂ ಆಗಬಾರದು.

ಟ್ರಸ್ಟಿನ ಕಾರ್ಯದರ್ಶಿಗಳು ಆ ರಾಮದುರ್ಗದ ಯಂತ್ರಕ್ಕೆ ಸ್ಟೆಪ್ನಿ ಎನ್ನುತ್ತಿದ್ದರು. ಅದೊಂದು ಮಾತಿಗೆ ಅಣ್ಣಾರಿಗೆ ಮೈಯೆಲ್ಲ ಉರಿ. "ಸ್ಟೆಪ್ನಿ ಅಂದ್ರ ಡಿಕ್ಕ್ಯಾಗ ಮಲಗಿರತೈತ್ರಿ ತಂಗೆವ್ವಾ. ಗಾಡಿ ನಿಂದರಸಿ, ಜಾಕ್ ಹಚ್ಚಿ, ಅದನ್ನ ಎಬ್ಬಸ್ಬೇಕು. ಇದು ಬಾಜೂ ಓಡಾಕ ಹತ್ತಿರತೈತಿ. ಓಡೂ ಗಾಡಿ ನಿಂದರಲಾರದ ಗಾಲಿ ಬದಲಿ ಆಕ್ಕೈತಿ. ನಮ್ಮಪ್ಪ ಇದ್ದಿದ್ರ ನಂಬತಿದ್ದಿಲ್ಲ." ತಂದೆಯ ಮಾತು ಬಂದಾಗ ಮಾತ್ರ ಅವರ ಮುಖ ಮೆತ್ತಗಾಗುತ್ತಿತ್ತು.

ನನಗೆ ತಿಳಿಯಲೆಂದು ಅಡಿಗೆಮನೆಯ ಲೆಕ್ಕದಲ್ಲಿ ಹೇಳುತ್ತಿದ್ದರು. ಒಂದೇ ಒಲೆ, ಇಬ್ಬರು ವಾರಗಿತ್ತಿಯರು. ಹಿರಿಯಾಕೆ ಅಡಿಗೆ ಮಾಡುತ್ತಾಳೆ, ಕಿರಿಯಾಕೆ ನೋಡುತ್ತಿರುತ್ತಾಳೆ. ಇಬ್ಬರೂ ಗಳಿಗೆಗೊಮ್ಮೆ "ಇದ್ದೀಯೇನ?" "ಇದ್ದೇನಿ" ಎಂದು ಕೂಗಿ ಕೇಳಿಕೊಳ್ಳಬೇಕು. ಹಿರಿಯಾಕೆ ಓಗೊಡದಿದ್ದರೆ ಆಕೆ ಎಚ್ಚರ ತಪ್ಪಿ ಬಿದ್ದಳೆಂದು ತಿಳಿದು ಕಿರಿಯಾಕೆ ಸೌಟು ಹಿಡಿಯಬೇಕು.

"ಆದ್ರ ಆಕಿ ಬಿದ್ದಿರೂದ ಇಲ್ಲ ಅಂತ ತಿಳೀರಿ. ನಡುವ ಬಾಗಿಲಾ ಮುಚ್ಚಿರತೈತಿ, ದನಿ ಕೇಳಿರೂದಿಲ್ಲ ಅಷ್ಟ. ಆವಾಗ?"

"ಇಬ್ಬರೂ ಉಪ್ಪು ಹಾಕ್ತಾರ" ಎಂದೆ.

ಅವರು ಮೇಜು ಬಡಿದು ನಕ್ಕರು. "ಹಾಂ! ಇದನ್ನ ಟ್ರಸ್ಟಿನವರಿಗೆ ತಿಳಿಸಾಕ ನನಗ ಒಂದ ವರ್ಷ ಹಿಡೀತು."

ಅದಕ್ಕಾಗಿಯೇ ಕಿತ್ತೂರಿನ ದವಾಖಾನೆಯಲ್ಲಿ ಮೂರನೆಯದೊಂದು ಸಣ್ಣ ಪೆಟ್ಟಿಗೆ ಇಟ್ಟಿದ್ದರು. ಟಿಫಿನ್ ಡಬ್ಬಿಯಷ್ಟು. ಪರದೆ ಇಲ್ಲ, ಸದ್ದಿಲ್ಲ, ಒಂದು ಹಸಿರು ದೀಪ. ಅದು ರೋಗಿಗಳ ಯಾವ ಕೆಲಸವನ್ನೂ ಮಾಡುವುದಿಲ್ಲ. ದೊಡ್ಡ ಎರಡರ ನಡುವೆ ಮಾತು ಕಡಿದಾಗ ಯಾರು ಮುಂದುವರಿಯಬೇಕೆಂದು ಕೈ ಎತ್ತುವ ಪಂಚ ಅದು. ಅದು ಯಾವ ಯಂತ್ರದ ಕಡೆ ಕೈ ಎತ್ತುತ್ತದೋ ಅದೂ ಪಂಚನೂ ಸೇರಿ ಮೂವರಲ್ಲಿ ಇಬ್ಬರಾದರು, ಅಲ್ಲಿಗೆ ಕೋರಂ ಆಯಿತು; ಒಂಟಿಯಾದದ್ದು ಸುಮ್ಮನೆ ನಿಲ್ಲಬೇಕು. ಪಂಚನೂ ಇಲ್ಲದಿದ್ದರೆ ಎರಡೂ ನಿಂತುಬಿಡಬೇಕು. ಈ ಒಂದು ಮಾತಿನಲ್ಲಿ ಅವರು ಬಹಳ ಬಿಗಿ. "ನಿಂತರ ನಿಲ್ಲಲಿ. ಮಂದಿ ಬೈತಾರ, ಬೈಲಿ. ಸುಳ್ಳ ಬರಿಯಾಕ ಹತ್ತಬಾರದು."

ಕಣ್ಣಿನ ಸಂಗತಿ ನನಗೆ ತಿಳಿದದ್ದು ಅವರು ಹೇಳಿ ಅಲ್ಲ. ಮೊದಮೊದಲು ಏನೋ ಒಂದು ಶಬ್ದದ ಉಚ್ಚಾರ ಕೇಳುವ ನೆಪದಲ್ಲಿ ಲ್ಯಾಪ್‌ಟಾಪ್ ತರುತ್ತಿದ್ದರು. ಪರದೆಯ ಅಕ್ಷರಗಳು ಹಲಗೆಯ ಮೇಲೆ ಸುಣ್ಣದಲ್ಲಿ ಬರೆದಂತೆ ದಪ್ಪ. ಮುಂದಿನ ಚಳಿಗಾಲಕ್ಕೆ ಒಂದು ಸಾಲಿನಲ್ಲಿ ನಾಲ್ಕೇ ಶಬ್ದ ಹಿಡಿಸುತ್ತಿದ್ದವು. ಆಮೇಲೆ ಒಂದೇ. ಒಂದು ದಿನ ಅವರು ಪರದೆಯ ತೀರ ಹತ್ತಿರ ಮೂಗು ಒಯ್ದು, ಸಾಮಾನು ಹುಡುಕುವವರಂತೆ ತಲೆಯನ್ನು ಎಡಕ್ಕೆ ಬಲಕ್ಕೆ ಸರಿಸುತ್ತಿದ್ದಾಗ ವೈನಿ ಪಲ್ಯದ ಬುಟ್ಟಿ ಕೆಳಗಿಟ್ಟು, "ಸಾಕ ಬಿಡ್ರಿ. ಆಕಿಗೆ ಹೇಳ್ರಿ" ಎಂದರು.

ವೈನಿಯೇ ಹೇಳಿದರು. ಕಣ್ಣಿನೊಳಗಿನ ಒತ್ತಡ ಏರಿ ನರ ಒಣಗುತ್ತಿದೆ. ಹುಬ್ಬಳ್ಳಿಯ ಡಾಕ್ಟರು ಹೋದದ್ದು ತಿರುಗಿ ಬರುವುದಿಲ್ಲ, ಉಳಿದದ್ದು ನಿಧಾನಕ್ಕೆ ಹೋಗಲಿ ಎಂದು ಔಷಧ ಕೊಟ್ಟಿದ್ದಾರೆ. ಆಸ್ಪತ್ರೆಯಲ್ಲಿ ಯಾರಿಗೂ ಗೊತ್ತಿಲ್ಲ. ಗೊತ್ತಾಗಬಾರದು.

"ಯಾಕ ಅಣ್ಣಾರ? ಹೇಳಿದ್ರ ಒಬ್ಬ ಮನುಷ್ಯಾನ್ನ ಜೋಡಿ ಕೊಡಬಹುದಲ್ಲ?"

"ಕೊಡ್ರಿ ಅಂತ ಮೊದ್ಲಿಂದ ಕೇಳಾಕ ಹತ್ತೇನಿ. 'ಎರಡ ಮಷೀನ ಅದಾವು, ಮತ್ತ ಇಬ್ಬರ ಮಂದಿ ಯಾಕ ಬೇಕು' ಅಂತಾರ. ಕಣ್ಣಿಂದ ಗೊತ್ತಾತಂದ್ರ ನನ್ನನ್ನೂ ಕಳಸ್ತಾರ, ಮಷೀನೂ ತಗದ ಒಗೀತಾರ. ನಾ ಕಟ್ಟಿದ್ದು ತಂಗೆವ್ವಾ ಅದು." ಕೊನೆಯ ಮಾತನ್ನು ಬಹಳ ಸಣ್ಣಗೆ ಹೇಳಿದರು.

ಅಂದಿನಿಂದ ನಾನು ಓದತೊಡಗಿದೆ. ಬೆಳಗಾವಿಯ ಕಾನ್ವೆಂಟಿನಲ್ಲಿ ಸಿಸ್ಟರ್ ಒಬ್ಬರು ನಮ್ಮನ್ನು ಸಾಲಾಗಿ ನಿಲ್ಲಿಸಿ, ತುಟಿ ಎಲ್ಲಿ ದುಂಡಗಾಗಬೇಕು, ಹಲ್ಲು ಎಲ್ಲಿ ತುಟಿಗೆ ತಾಗಬೇಕು ಎಂದು ತಿದ್ದಿ ತಿದ್ದಿ ಓದಿಸುತ್ತಿದ್ದರು. ಮದುವೆಯಾಗಿ ಬಂದ ಮೇಲೆ ಆ ಇಂಗ್ಲಿಷಿಗೆ ಔಷಧದ ಬಾಟಲಿ, ಮಕ್ಕಳ ಹೋಂವರ್ಕು ಬಿಟ್ಟರೆ ಕೆಲಸವಿರಲಿಲ್ಲ. ಈಗ ಅದು ಇದಕ್ಕೆ ಬಂತು. ಕಂಪ್ಯೂಟರೇ ಓದಿ ಹೇಳುತ್ತದಂತಲ್ಲ ಎಂದು ನಮ್ಮವರು ಒಮ್ಮೆ ಕೇಳಿದರು. ಅಣ್ಣಾರು ಮುಖ ಸಿಂಡರಿಸಿದರು. "ಅದರ ದನಿ ಹಿಟ್ಟಿನ ಗಿರಣಿ ಇದ್ದಂಗ. ಒಳ್ಳೇದೂ ಅದ ರಾಗ, ಕೆಟ್ಟದ್ದೂ ಅದ ರಾಗ. ತಂಗೆವ್ವಗ ಹೊಸ ಸಾಲ ಬಂದ ಕೂಡ್ಲೆ ದನಿ ಸಣ್ಣಗ ಏರತೈತಿ. ಆಕಿಗೇ ಗೊತ್ತಿಲ್ಲ ಅದು. ಅದ್ರ ಮ್ಯಾಲಿಂದ ನಾ ಹಿಡೀತೇನಿ." ಮತ್ತೆ, ಆಸ್ಪತ್ರೆಯಲ್ಲಿ ಲ್ಯಾಪ್‌ಟಾಪು ಬಾಯಿಬಿಟ್ಟು ಓದತೊಡಗಿದರೆ ಗುಟ್ಟು ಉಳಿದೀತೇ? ಆಸ್ಪತ್ರೆಯ ಕೋಣೆಯಲ್ಲಿ ಅವರು ಬೆರಳಿನ ರೂಢಿಯ ಮೇಲೆ ಕೆಲಸ ಮಾಡುತ್ತಿದ್ದರು. ಓದಬೇಕಾದದ್ದೆಲ್ಲ ನಮ್ಮ ಮೇಜಿಗೆ ಬರುತ್ತಿತ್ತು.

ಅವರ ಮನೆಯಲ್ಲಿ ಎಲ್ಲವೂ ಎರಡೆರಡು. ಎರಡು ಕೊಡೆ, ಎರಡು ಬ್ಯಾಟರಿ, ಒಂದೇ ಬಣ್ಣದ ಎರಡು ಜೊತೆ ಚಪ್ಪಲಿ. ವೈನಿ ಕೈ ತೋರಿಸಿ ಹಂಗಿಸುತ್ತಿದ್ದರು: "ನೋಡವಾ, ಎಲ್ಲಾ ಜೋಡಿ ಬೇಕು ಇವರಿಗೆ. ನಾ ಒಬ್ಬಾಕಿ ಅಷ್ಟ ಹೆಂಗ ಒಂಟಿ ಉಳದೇನೋ!"

"ನೀ ಬಂದ್ ಬಿದ್ದಿಲ್ಲಲ್ಲ ಇನ್ನೂ" ಎನ್ನುವರು ಅಣ್ಣಾರು. "ಬಿದ್ದ ಮ್ಯಾಲ ವಿಚಾರ ಮಾಡೂಣು."

"ಬೀಳೂದ ನಾ ಅಲ್ಲ. ನಿಮ್ಮನ್ನ ಜೋಡಿ ಮಾಡಾಕ ಮ್ಯಾಲಿನಾವ ಮರತಾನಲ್ಲಾ" ಎಂದು ವೈನಿ ಅಂದ ದಿನ ಅವರು ಚಹಾದ ಕಪ್ಪನ್ನು ಅರ್ಧಕ್ಕೆ ಬಿಟ್ಟು ಎದ್ದು ಹೋದರು.

ಆ ವರ್ಷದ ದಸರೆ ಬಂತು. ಖಂಡೇನವಮಿಗೆ ನಮ್ಮ ಕಡೆ ಕುಡಗೋಲಿನಿಂದ ಟ್ರ್ಯಾಕ್ಟರಿನವರೆಗೆ ದುಡಿಯುವುದೆಲ್ಲಕ್ಕೂ ಪೂಜೆ. ಪೂಜೆಗೆ ಇಟ್ಟದ್ದನ್ನು ಮರುದಿನ ಬನ್ನಿ ಕೊಟ್ಟು ತೆಗೆದುಕೊಳ್ಳುವವರೆಗೆ ಕೆಲಸಕ್ಕೆ ಹಚ್ಚುವುದಿಲ್ಲ. ನಮ್ಮ ಅಂಗಡಿಯ ತಕ್ಕಡಿಯೂ ಎರಡು ದಿನ ಚೆಂಡುಹೂವಿನ ಕೆಳಗೆ ಸುಮ್ಮನಿರುತ್ತದೆ. ಆಸ್ಪತ್ರೆಗೆ ಮಾತ್ರ ರಜೆ ಎಲ್ಲಿಯದು? ಬೈಲಹೊಂಗಲದಲ್ಲಿ, ರಾಮದುರ್ಗದಲ್ಲಿ ಅಣ್ಣಾರು ಮೊದಲೇ ತಾಕೀತು ಮಾಡಿದ್ದರು: ಹಾರ ಹಾಕಿ, ಕುಂಕುಮ ಹಚ್ಚಿ, ಕಾಯಿ ಒಡೆಯುವುದನ್ನು ಹೊರಗೆ ಒಡೆಯಿರಿ, ಯಂತ್ರ ಬಂದ್ ಮಾಡಬೇಡಿ. ಕಿತ್ತೂರಿಗೆ ಹೇಳುವುದು ಯಾರ ತಲೆಗೂ ಬರಲಿಲ್ಲ. ಅಲ್ಲಿ ಯಂತ್ರ ಇದೆ ಎಂಬುದೇ ಯಾರಿಗೂ ನೆನಪಿರುತ್ತಿರಲಿಲ್ಲ.

ಕಿತ್ತೂರಿನ ಕಂಪೌಂಡರ್ ಒಬ್ಬನಿಗೆ ನೆನಪಿತ್ತು. ದೇವರ ಮೇಲೆ ಬಹಳ ಭಕ್ತಿ ಇದ್ದ ಮನುಷ್ಯ. ಸಿರಿಂಜಿನ ತಟ್ಟೆ, ತೂಕದ ಯಂತ್ರ, ಬಿ.ಪಿ. ನೋಡುವ ಪಟ್ಟಿ ಎಲ್ಲಕ್ಕೂ ಪೂಜೆ ಮಾಡಿದ ಮೇಲೆ ಕಪಾಟಿನ ಮೇಲಿನ ಪೆಟ್ಟಿಗೆ ಕಂಡಿದೆ. ವರ್ಷವಿಡೀ ಒಂದು ದಿನವೂ ಆರದ ಅದರ ದೀಪ ನೋಡಿ ಅವನಿಗೆ ಕನಿಕರ ಬಂದಿದೆ. ಪ್ಲಗ್ಗು ತೆಗೆದು, ಒರೆಸಿ, ವಿಭೂತಿ ಹಚ್ಚಿ, ಎರಡು ಚೆಂಡುಹೂ ಏರಿಸಿ, ಜೋಳದ ದಂಟಿನ ಪಕ್ಕ ಇಟ್ಟಿದ್ದಾನೆ. "ನಮ್ಮಷ್ಟ ದುಡೀತೈತ್ರಿ ಅದೂ. ಎರಡ ದಿನ ಆರಾಮ ಮಾಡ್ಲಿ ಅಂತ ಮಾಡಿದ್ನಿ ಸಾಹೇಬ್ರ" ಎಂದು ಆಮೇಲೆ ಹೇಳಿದನಂತೆ. ಅವನನ್ನು ಬೈಯಲು ಅಣ್ಣಾರಿಗೆ ಬಾಯಿ ಬರಲಿಲ್ಲ.

ಪಂಚ ಕಣ್ಣು ಮುಚ್ಚಿದ್ದನ್ನು ದೊಡ್ಡ ಯಂತ್ರಗಳು ಸಾಲಿನ ಮೇಲೆ ಸಾಲು ಬರೆದು ತಿಳಿಸುತ್ತಲೇ ಇದ್ದವು. ಆ ಎರಡು ದಿನ ನಮ್ಮಲ್ಲಿ ಓದುವುದು ಇರಲಿಲ್ಲ. "ಹಬ್ಬಾ ಮಾಡ್ರಿ ತಂಗೆವ್ವಾ, ಮಷೀನ ಎಲ್ಲಿ ಓಡಿ ಹೊಕ್ಕಾವು" ಎಂದು ಅವರೇ ಅಂದಿದ್ದರು.

ದಸರೆಯ ಬೆಳಿಗ್ಗೆ ಸವದತ್ತಿಯ ಹತ್ತಿರ ರಸ್ತೆ ಅಗೆಯುವ ಜೆಸಿಬಿ ಕೇಬಲ್ಲಿಗೆ ಬಾಯಿ ಹಾಕಿತು. ಇಲ್ಲಿಗೂ ರಾಮದುರ್ಗಕ್ಕೂ ಮಾತು ಕಡಿಯಿತು. ಎರಡೂ ಯಂತ್ರ ಕಿತ್ತೂರಿನ ಕಡೆ ನೋಡಿದವು, ಅಲ್ಲಿ ಚೆಂಡುಹೂ. ಅವರು ಕಲಿಸಿದ್ದ ಹಾಗೆಯೇ ಎರಡೂ ಸುಮ್ಮನೆ ನಿಂತವು.

ಇಲ್ಲಿಯ ಹೊರರೋಗಿಗಳ ಸಾಲು ಗೇಟು ಮುಟ್ಟಿತು. ರಾಮದುರ್ಗದಲ್ಲಿಯೂ ಅದೇ. ಕಾರ್ಯದರ್ಶಿಗಳು ಫೋನು ಮಾಡಿದರು. ಆ ಮಾತುಕತೆಯನ್ನು ಅಣ್ಣಾರು ನಮ್ಮ ಮೇಜಿನ ಮುಂದೆ ಎಷ್ಟು ಸಲ ಆಡಿ ತೋರಿಸಿದ್ದಾರೆಂದರೆ ನನಗದು ಬಾಯಿಪಾಠ.

"ಎರಡೂ ಮಷೀನ್ ಚಲೋ ಅದಾವು, ದೀಪ ಹತ್ತ್ಯಾವು. ಮತ್ಯಾಕ ಕುಂತಾವ್ರಿ?"

"ಕೋರಂ ಇಲ್ರಿ ಸರ. ಲೈನ್ ಬರೂತನಕಾ ಕಾಗದದ ಮ್ಯಾಲ ಬರೀಲಿ. ಸಂಜೀತನಕಾ ತಡೀರಿ."

"ಕೋರಂ? ಕೋರಂ ಇಲ್ಲದ ಎಷ್ಟ ಮೀಟಿಂಗ್ ನಡಸೇವಿ ನಾವು! ಆಮ್ಯಾಲ ಮನಿಗೆ ಹೋಗಿ ಸಹಿ ತೊಗೊಂಡ ಬರೂದು. ನಿಮ್ಮ ಮಷೀನಿಗೇನ ನಮಗಿಂತ ಧಿಮಾಕೇನ್ರಿ?"

"ಹಂಗಲ್ರಿ ಸರ..."

"ಹಂಗೂ ಇಲ್ಲ, ಹಿಂಗೂ ಇಲ್ಲ. ರಾಮದುರ್ಗದಾಗ ಟ್ರಸ್ಟಿಗಳ ಮನೀ ಮಂದೀನ ಪಾಳ್ಯಾಗ ನಿಂತಾರ. ಎರಡೂ ಕಡೆ ಚಾಲೂ ಆಗ್ಬೇಕು. ನಿಮಗ ಆಗೂದಿಲ್ಲಂದ್ರ ಹೇಳ್ರಿ, ಬೆಳಗಾಂವಿಂದ ಒಬ್ಬ ಇಂಜಿನಿಯರ್ ಕರಸ್ತೇನಿ. ನಿಮ್ಮ ಬಾಜೂ ಕುಂತು ಏನ್ ಮಾಡಾಕ ಹತ್ತೀರಿ ನೋಡ್ಲಿ."

ಬಾಜೂ ಕುಂತು ನೋಡಲಿ. ಪಕ್ಕದಲ್ಲಿ ಬೇರೊಬ್ಬ ಕುಳಿತರೆ, ಪರದೆಯ ಮೇಲೆ ಬೆರಳಿಟ್ಟು ಇದೇನು ಎಂದು ಕೇಳಿದರೆ, ಅಲ್ಲಿಗೆ ಮುಗಿಯಿತು. ಅವರು ಇಲ್ಲಿಯ ಯಂತ್ರಕ್ಕೆ, ಕೋರಂ ನೋಡಬೇಡ, ನಡೆ ಎಂದು ಬರೆದರು. ಆಮೇಲೆ ರಾಮದುರ್ಗದ ಕೌಂಟರಿನ ಹುಡುಗಿಗೆ ಫೋನು ಹಚ್ಚಿ, ಅದೇ ಮಾತನ್ನು ಅಕ್ಷರ ಅಕ್ಷರ ಹೇಳಿ ಆ ಯಂತ್ರದಲ್ಲಿ ಬರೆಸಿದರು. ಎರಡೂ ಕಡೆ ಕೆಲಸ ಶುರುವಾಯಿತು. ಕಾರ್ಯದರ್ಶಿಗಳು ಶಾಬಾಸ್ ಎಂದರು.

ಸಂಜೆ ಲೈನು ಬಂತು. ಎರಡು ಯಂತ್ರಗಳೂ ಒಂದನ್ನೊಂದು ಒಪ್ಪಲಿಲ್ಲ. ಇಲ್ಲೊಂದು ದಿನ ನಡೆದಿತ್ತು, ಅಲ್ಲಿ ಬೇರೆಯೇ ಒಂದು ದಿನ. ಎರಡೂ ಕಡೆ ಹೊಸ ರೋಗಿಗಳಿಗೆ ಮುಂದಿನ ನಂಬರು ಕೊಟ್ಟಿದ್ದವು. ಅಂದರೆ ಇಬ್ಬಿಬ್ಬರಿಗೆ ಒಂದೇ ನಂಬರು. ಅವರು ಎರಡರ ನಕಲನ್ನೂ ತೆಗೆದಿಟ್ಟು ನಮ್ಮ ಮನೆಗೆ ತಂದರು. ಇಲ್ಲಿಯ ಒಂದು ಹೆಸರು, ಅಲ್ಲಿಯ ಒಂದು ಹೆಸರು ನಾನು ಓದಿದಂತೆ ಬೇರ್ಪಡಿಸಿ ಹೊಸ ನಂಬರು ಹಾಕುತ್ತ ಹೋದರು. ದೀಪಾವಳಿಯವರೆಗೆ ಇದೇ ನಡೆಯಿತು, ನಮ್ಮ ಮನೆಯ ಕರಚಿಕಾಯಿ ಕರಿಯುವುದನ್ನು ವೈನಿಯೇ ನೋಡಿಕೊಂಡರು. ಹೆಸರುಗಳೆಲ್ಲ ಸರಿಯಾದವು. ನಾನು ಉಸಿರು ಬಿಟ್ಟೆ.

ಅವರು ಬಿಡಲಿಲ್ಲ. "ತಂಗೆವ್ವಾ, ರಾಮದುರ್ಗದಾಗ ತಗದ ರಕ್ತಾ ಎಲ್ಲಿ ನೋಡ್ತಾರ?"

ನನಗೆ ಹೇಗೆ ಗೊತ್ತಿರಬೇಕು? ಅವರೇ ಹೇಳಿದರು. ಎಲ್ಲ ಊರಿನ ರಕ್ತದ ನಳಿಗೆಗಳೂ ಸಂಜೆಯ ವ್ಯಾನಿನಲ್ಲಿ ಬೈಲಹೊಂಗಲಕ್ಕೆ ಬರುತ್ತವೆ. ನಳಿಗೆಯ ಮೇಲೆ ಹೆಸರಿಲ್ಲ, ನಂಬರಿನ ಚೀಟಿ ಮಾತ್ರ. ಆ ಸಂಜೆ ಲ್ಯಾಬಿನಲ್ಲಿ ಒಂದೇ ನಂಬರಿನ ಎರಡೆರಡು ನಳಿಗೆ ನಿಂತಿದ್ದವು. ಯಾರ ವರದಿ ಯಾರ ಕೈಗೆ ಹೋಯಿತು?

ಅವರು ಕಾರ್ಯದರ್ಶಿಗಳ ಮನೆಗೇ ಹೋಗಿ ಹೇಳಿದರು. ಕಣ್ಣಿನ ವಿಷಯ ಬಿಟ್ಟು ಉಳಿದದ್ದೆಲ್ಲ. "ಬೊಂಬ್ಡಿ ಹೊಡೀಬ್ಯಾಡ್ರಿ, ಊರ ಮಂದಿಗೆ ಗೊತ್ತಾಗೂದ ಬ್ಯಾಡ" ಎಂದರಂತೆ ಕಾರ್ಯದರ್ಶಿಗಳು. "ಫ್ರೀ ತಪಾಸಣೆ ಐತಿ ಅಂತ ಫೋನ್ ಮಾಡಸ್ತೇನಿ, ಎಲ್ಲಾರೂ ಬರತಾರ. ಇನ್ನೊಮ್ಮೆ ರಕ್ತಾ ತಗಿಯೂಣು, ಮುಗೀತು." ಬಹಳ ಜನ ಬಂದರು. ಅವರಿಗೆ ಏನೂ ಆಗಿರಲಿಲ್ಲ. ತೊರಗಲ್ಲಿನ ಒಬ್ಬ ಹೆಣ್ಣುಮಗಳ ಫೋನು ಮಾತ್ರ ಹತ್ತಲಿಲ್ಲ. ಮನುಷ್ಯರನ್ನು ಕಳಿಸುತ್ತೇವೆ ಎಂದರು. ಅಣ್ಣಾರು ವಾರ ವಾರವೂ ಕೇಳಿದರು. ಹೋಗುತ್ತಾರೆ, ಹೋಗುತ್ತಾರೆ ಎಂದರು. ಯಾರೂ ಹೋಗಲಿಲ್ಲ.

ಸಂಕ್ರಾಂತಿ ದಾಟಿದ ಮೇಲೆ ನಾವೇ ಹೊರಟೆವು. ಅಣ್ಣಾರು, ವೈನಿ, ನಾನು. ರಾಮದುರ್ಗಕ್ಕೆ ಬಸ್ಸು, ಅಲ್ಲಿಂದ ತೊರಗಲ್ಲಿಗೆ ಟಂಟಂ ರಿಕ್ಷಾ. ಎರಡೂ ಕಡೆ ಬಿಳಿಜೋಳ ತೆನೆ ತೂಗಿ ನಿಂತಿತ್ತು. ಟಂಟಮಿನಲ್ಲಿ ವೈನಿ ಅವರ ತೋಳು ಹಿಡಿದಿದ್ದರು, ಅವರು ಬಿಡಿಸಿಕೊಳ್ಳಲಿಲ್ಲ. ಕೋಟೆಗೋಡೆಯ ಕೆಳಗಿನ ಓಣಿಯಲ್ಲಿ ಮನೆ ಸಿಕ್ಕಿತು. ಆಕೆ ಕಟ್ಟೆಯ ಮೇಲೆ ಬಿಸಿಲಿಗೆ ಕುಳಿತಿದ್ದಳು. ನನಗಿಂತ ಸಣ್ಣವಳು. ಮುಖ ಬಾತಿತ್ತು, ಕಾಲುಂಗುರ ಊದಿದ ಬೆರಳಿನಲ್ಲಿ ಹುಗಿದುಹೋಗಿತ್ತು. ಅಣ್ಣಾರು ಮೆಲ್ಲಗೆ ನನ್ನನ್ನು ಕೇಳಿದರು: "ಹೆಂಗದಾಳ?" ನಾನು ಹೇಳಿದೆ.

ಗಂಡ ಕಂಬಳಿ ಹಾಸಿದ, ಚಹಾ ಮಾಡಿಸಿದ. ಊರಿನ ಡಾಕ್ಟರಿಗೆ ಮೊದಲೇ ಮೂತ್ರಪಿಂಡದ ಮೇಲೆ ಸಂಶಯವಿತ್ತಂತೆ. ದಸರೆಯ ದಿನ ಮೊದಲ ಸಲ ರಾಮದುರ್ಗದ ದವಾಖಾನೆಗೆ ಹೋಗಿ ರಕ್ತ ಕೊಟ್ಟು ಬಂದರು. ಎಲ್ಲ ಚೊಲೋ ಇದೆ ಎಂಬ ವರದಿ ಬಂತು. ಗುಳಿಗೆ ಬಿಟ್ಟರು, ಆಕೆ ಹೊಲಕ್ಕೆ ಹೋಗತೊಡಗಿದಳು. ಈಗ ಹುಬ್ಬಳ್ಳಿಯಲ್ಲಿ ಎರಡೂ ಕೆಟ್ಟಿವೆ ಎಂದಿದ್ದಾರೆ. ವಾರಕ್ಕೆರಡು ಸಲ ರಕ್ತ ತೊಳೆಸಲು ಹೋಗಬೇಕು.

"ಆ ರಿಪೋರ್ಟ್ ನಿಮ್ಮದಲ್ಲ" ಎಂದರು ಅಣ್ಣಾರು. "ಬ್ಯಾರೇದವರದು ನಿಮಗ ಬಂತು. ತಪ್ಪ ನಂದು."

"ಮಷೀನ್ ಅಂದ ಮ್ಯಾಲ ಹೆಚ್ಚುಕಡಿಮಿ ಆಗಾಕಬೇಕ್ರಿ ಸಾಹೇಬ್ರ."

"ಮಷೀನ್ ತಪ್ಪಿಲ್ರಿ. ಅದು ಬರೋಬ್ಬರಿ ನಿಂತಿತ್ತು. ನಾ ಓಡಿಸಿದ್ನಿ. ಓಡಸಬಾರದು ಅಂತ ಗೊತ್ತಿದ್ದು ಓಡಿಸಿದ್ನಿ. ನನ್ನ ಕಣ್ಣ..."

ಆತ ಅವರ ಕೈ ಹಿಡಿದುಕೊಂಡ. "ಕಣ್ಣ ಇಲ್ಲದಾವ್ರು ಇಷ್ಟ ದೂರ ಬಂದೀರಿ. ಆಸ್ಪತ್ರಿಂದ ಮನೀತನಕಾ ಯಾರ ಬರತಾರ್ರಿ ಈಗಿನ ಕಾಲದಾಗ?" ಹೊರಡುವಾಗ ಒಂದು ಚೀಲ ಹಸಿಗಡಲೆ ಕಟ್ಟಿಕೊಟ್ಟ. ನನ್ನ ಫೋನ್ ನಂಬರು ಕೇಳಿ ಬರೆದುಕೊಂಡ. ಬಸ್ಸಿನಲ್ಲಿ ಆ ಚೀಲವನ್ನು ಅವರು ತೊಡೆಯ ಮೇಲೆ ಇಟ್ಟುಕೊಳ್ಳಲೂ ಇಲ್ಲ, ಕೆಳಗಿಡಲೂ ಇಲ್ಲ. ಸವದತ್ತಿ ಬರುವವರೆಗೆ ಕೈಯಲ್ಲೇ ಎತ್ತಿ ಹಿಡಿದಿದ್ದರು. ಕೊನೆಗೆ ವೈನಿ ಇಸಿದುಕೊಂಡರು.

ಮರುದಿನವೇ ಅವರು ಟ್ರಸ್ಟಿಗೆ ಹೋಗಿ ಕಣ್ಣಿನದೂ ಸೇರಿಸಿ ಎಲ್ಲ ಹೇಳಿಬಿಟ್ಟರು. ಪೊಲೀಸಿಗಾದರೂ ಹೇಳಿ, ಆ ಹೆಣ್ಣುಮಗಳ ಉಪಚಾರವನ್ನಾದರೂ ಮಾಡಿಸಿ ಎಂದರಂತೆ. ಟ್ರಸ್ಟಿನವರು ಎರಡನ್ನೂ ಮಾಡಲಿಲ್ಲ. ಕಣ್ಣಿನ ತೊಂದರೆಯಿಂದ ಸ್ವಇಚ್ಛೆಯಿಂದ ಬಿಡುತ್ತಿದ್ದಾರೆ ಎಂದು ಕಾಗದ ಮಾಡಿ, ಸಭಾಗೃಹದಲ್ಲಿ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟರು. ನಾವೂ ಹೋಗಿದ್ದೆವು. "ಇವರ ಕಾಲದಲ್ಲಿ ನಮ್ಮ ಆಸ್ಪತ್ರೆ ಒಂದು ದಿನವೂ ನಿಲ್ಲಲಿಲ್ಲ" ಎಂದು ಕಾರ್ಯದರ್ಶಿಗಳು ಭಾಷಣ ಮಾ‌ಡಿದರು. ಜನ ಚಪ್ಪಾಳೆ ತಟ್ಟಿದರು. ವೈನಿ ನನ್ನ ಕಿವಿಯಲ್ಲಿ, "ಇನ್ನೊಂದ್ ಸ್ವಲ್ಪ ಹೊತ್ತು ಇಲ್ಲೇ ಕುಂತ್ರ ಈ ಮನುಷ್ಯಾ ಸಾಯ್ತಾನ, ನಡೀ" ಎಂದರು. ಯಂತ್ರಗಳನ್ನು ತಿಂಗಳೊಳಗೆ ಬಿಚ್ಚಿದರು. ಈಗ ನಾಲ್ಕೂ ಊರಿನ ಲೆಕ್ಕ ಎಲ್ಲೋ ದೂರದ ಬಾಡಿಗೆ ಕಂಪ್ಯೂಟರಿನಲ್ಲಿದೆಯಂತೆ. ಅದು ಎಲ್ಲಿದೆ ಎಂದು ಆಸ್ಪತ್ರೆಯಲ್ಲಿ ಯಾರಿಗೂ ಗೊತ್ತಿಲ್ಲ.

ಆಮೇಲೆ ಅವರು ಮಧ್ಯಾಹ್ನ ಬರುವುದು ನಿಂತಿತು. ಕರೆದರೆ ಬರುತ್ತಿದ್ದರು, ಚಹಾ ಕುಡಿದು ಹೋಗುತ್ತಿದ್ದರು. ಬೇಡ ಎನ್ನುತ್ತಲೂ ಇರಲಿಲ್ಲ.

ಮುಂಗಾರಿನ ಹೆಸರುಕಾಳು ಬಿತ್ತುವ ಹೊತ್ತಿಗೆ ಒಂದು ಮುಂಜಾನೆ ತೊರಗಲ್ಲಿನಿಂದ ನನಗೆ ಫೋನು ಬಂತು. ಆ ಹೆಣ್ಣುಮಗಳು ತೀರಿಹೋಗಿದ್ದಳು. "ಸಾಹೇಬ್ರಿಗೆ ಹೇಳ್ರಿ ಬಾಯಾರ, ಅವರು ಕೇಳತಿದ್ರು" ಎಂದ ಗಂಡ. ನಾನು ಗೋಡೆಯ ಆಚೆ ಹೋಗಿ ಹೇಳಿದೆ. ಅಣ್ಣಾರು ಎದ್ದು, ಒಗೆದ ಅಂಗಿ ಕೊಡು ಎಂದು ವೈನಿಯನ್ನು ಕೇಳಿದರು. ವೈನಿ ಬೇಡ ಎಂದರು. ನಾನೂ ಬೇಡ ಎಂದೆ. ನಮ್ಮಿಬ್ಬರ ಮಾತನ್ನೂ ಅವರು ಕೇಳಿಸಿಕೊಳ್ಳಲಿಲ್ಲ.

ತೊರಗಲ್ಲು ಮುಟ್ಟುವಾಗ ಹೊತ್ತು ನೆತ್ತಿಗೆ ಬಂದಿತ್ತು. ಪಡಸಾಲೆಯಲ್ಲಿ ಆಕೆಯನ್ನು ಗೋಡೆಗೆ ಆನಿಸಿ ಕೂಡಿಸಿದ್ದರು. ಹಣೆಗೆ ದಪ್ಪ ವಿಭೂತಿ, ಹಸಿರು ಸೀರೆ. ಭಜನೆ ನಡೆದಿತ್ತು. ನಾವು ಬಾಗಿಲ ಹತ್ತಿರ ಹೆಂಗಸರ ಹಿಂದೆ ನಿಲ್ಲುವವರಿದ್ದೆವು, ಗಂಡ ನೋಡಿಬಿಟ್ಟ. ಎದ್ದು ಬಂದು ಅಣ್ಣಾರ ಕೈ ಹಿಡಿದು ಜನರ ನಡುವೆ ಕರೆದೊಯ್ದ. "ಸರೀರಿ, ಸರೀರಿ. ಆಸ್ಪತ್ರಿ ಸಾಹೇಬ್ರ ಬಂದಾರ. ಕಣ್ಣ ಕಾಣಂಗಿಲ್ಲ ಅವರಿಗೆ, ಆದ್ರೂ ನಮ್ಮ ಸಲುವಾಗಿ ಬಂದಾರ." ಜನ ಸರಿದು ದಾರಿ ಮಾಡಿದರು. ಒಬ್ಬ ಮುದುಕರು ಎದ್ದು ನಿಂತು ಕೈಮುಗಿದರು. ಅಣ್ಣಾರಿಗೆ ಅದು ಕಾಣಲಿಲ್ಲ.

ಆತ ಒಂದು ಹಾರವನ್ನು ಅವರ ಕೈಗೆ ಕೊಟ್ಟು, "ನೀವು ಹಾಕ್ರಿ" ಎಂದ. ಎಲ್ಲಿಗೆ ಹಾಕಬೇಕೆಂದು ತಿಳಿಯದೆ ಅವರು ಬಾಗಿ ಇನ್ನೊಂದು ಕೈಯಿಂದ ತಡವಿದರು. ಬೆರಳು ಆಕೆಯ ಕೆನ್ನೆಗೆ ತಾಗಿ ಅಲ್ಲೇ ನಿಂತಿತು. ಭಜನೆಯವರ ತಾಳ ಜೋರಾಗಿತ್ತು. ಅವರ ತುಟಿ ಅಲುಗುವುದು ನನಗೆ ಕಾಣುತ್ತಿತ್ತು, ಮಾತು ಕೇಳಲಿಲ್ಲ. ಪಕ್ಕದಲ್ಲಿದ್ದ ಆಕೆಯ ಗಂಡನಿಗೆ ಕೇಳಿರಬೇಕು. ಆತ ಮೆಲ್ಲಗೆ ಅವರ ಕೈಯನ್ನು ಕೆನ್ನೆಯಿಂದ ಎತ್ತಿ, ಹಾರವನ್ನು ತಾನೇ ಕೊರಳಿಗೆ ಸರಿಪಡಿಸಿದ.

"ಇರ್ಲಿ ಬಿಡ್ರಿ ಸಾಹೇಬ್ರ" ಎಂದ. "ನಿಮ್ಮ ಕಡಿಂದ ಆಗೂದೆಲ್ಲಾ ಮಾಡೀರಿ ನೀವು."